ಹಿತ್ತಲ ಕೋಳಿಗೆ ಗೋವಿನಜೋಳವೊಂದೇ ಸಾಲದು

ಹಾವೇರಿ ಜಿಲ್ಲೆಯ ಹಾನಗಲ್ಲ, ಶಿಗ್ಗಾವಿ, ಸವಣೂರು ಹಾಗೂ ಹಿರೇಕೆರೂರು ತಾಲ್ಲೂಕುಗಳಲ್ಲಿ ಗೋವಿನಜೋಳ ಪ್ರಮುಖ ಬೆಳೆ. ಹಿತ್ತಲ ಕೋಳಿಗಳಿಗೂ ಅದರ ನುಚ್ಚನ್ನೇ ಎರಚುವುದು ಸಹಜ. ಆದರೆ ಅದು ಶಕ್ತಿ ನೀಡುವ ಧಾನ್ಯವೇ ಹೊರತು ಪೂರ್ಣ ಆಹಾರವಲ್ಲ.

ಮೊಟ್ಟೆಯಿಡುವ ಕೋಳಿಯ ಆಹಾರದಲ್ಲಿ ಶೇ 16ರಿಂದ 18ರಷ್ಟು ಪ್ರೋಟೀನ್ ಇರಬೇಕು; ಗೋವಿನಜೋಳದಲ್ಲಿರುವುದು ಸುಮಾರು ಶೇ 9. ಅಂದರೆ 100 ಗ್ರಾಂ ನುಚ್ಚಿನಿಂದ ದೊರೆಯುವುದು 9 ಗ್ರಾಂ ಮಾತ್ರ. ಒಂದು ಮೊಟ್ಟೆಗೇ ಸುಮಾರು 6 ಗ್ರಾಂ ಬೇಕು. ದೇಹಪೋಷಣೆಯ ಅಗತ್ಯ ಬೇರೆ. ಕೊರತೆಯಾದರೆ ಮೊದಲು ಕುಗ್ಗುವುದು ಮೊಟ್ಟೆಯ ಸಂಖ್ಯೆ. ನಾಟಿ ಕೋಳಿಗಿಂತ ಹೆಚ್ಚು ಮೊಟ್ಟೆಯಿಡುವ ಗಿರಿರಾಜ, ಸ್ವರ್ಣಧಾರ ತಳಿಗಳಲ್ಲಿ ಈ ನಷ್ಟ ಎದ್ದು ಕಾಣುತ್ತದೆ.

ಶೇಂಗಾ ಹಿಂಡಿಯಲ್ಲಿ ಶೇ 40ಕ್ಕೂ ಹೆಚ್ಚು ಪ್ರೋಟೀನ್ ಇದೆ. ಮೂರು ಪಾಲು ನುಚ್ಚಿಗೆ ಒಂದು ಪಾಲು ಹಿಂಡಿ ಬೆರೆಸಿದರೆ ಒಟ್ಟು ಪ್ರಮಾಣ ಸರಿದೂಗುತ್ತದೆ. ಆದರೆ ಇವೆರಡರಲ್ಲೂ ಲೈಸಿನ್ ಎಂಬ ಅಮೈನೋ ಆಮ್ಲ ಕಡಿಮೆ. ತಿಪ್ಪೆ ಕೆದರಿ ತಿನ್ನುವ ಹುಳು, ಗೆದ್ದಲುಗಳು ಅದನ್ನು ಒದಗಿಸುತ್ತವೆ. ಆದ್ದರಿಂದ ಕೋಳಿಗಳನ್ನು ಹೊರಗೆ ಮೇಯಲು ಬಿಡುವುದು ಅವಶ್ಯ. ಸೋಯಾ ಅವರೆಯನ್ನು ಹುರಿದೇ ನೀಡಬೇಕು. ಹಸಿ ಕಾಳು ಪ್ರೋಟೀನ್ ಜೀರ್ಣವಾಗದಂತೆ ತಡೆಯುತ್ತದೆ.

ಮಳೆಗಾಲದಲ್ಲಿ ಬೂಷ್ಟು ಹಿಡಿದ ಹಿಂಡಿ, ಕಾಳುಗಳನ್ನು ಹಾಕಲೇಬಾರದು. ಅವುಗಳಲ್ಲಿ ಉಂಟಾಗುವ ಅಫ್ಲಾಟಾಕ್ಸಿನ್ ವಿಷವು ಯಕೃತ್ತನ್ನು ಕೆಡಿಸುತ್ತದೆ. ಬೇಯಿಸಿದರೂ ಅದು ನಾಶವಾಗದು.

ಮಂಡಕ್ಕಿ, ಅನ್ನ, ರೊಟ್ಟಿಯ ಚೂರುಗಳನ್ನು ಕೋಳಿಗಳು ಆಸೆಯಿಂದ ತಿನ್ನುತ್ತವೆ. ಇಂಥ ತಿನಿಸು ದಿನದ ಆಹಾರದ ಹತ್ತನೇ ಒಂದು ಭಾಗವನ್ನು ಮೀರದಿರಲಿ. ಸಂಜೆ, ಮುಖ್ಯ ಆಹಾರ ತಿಂದ ನಂತರ ನೀಡುವುದು ಒಳಿತು.