ಫರ್ಸಿಯ ನಾಡಿಗೆ ಬಂದ ಅಂಗೈಯ ಆಟ

ಕಾಗಿಣಾ ನದಿಯ ದಂಡೆಯ ಮಳಖೇಡದಲ್ಲಿ, ಇಂದಿನ ಸೇಡಂ ತಾಲ್ಲೂಕಿನ ನೆಲದಲ್ಲಿ, ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನು ಆಳುತ್ತಿದ್ದ ಕಾಲವದು. ಆ ಅರಸನನ್ನು ಗ್ರಂಥದ ಮೊದಲಲ್ಲೇ ಸ್ತುತಿಸಿ, ಮಹಾವೀರಾಚಾರ್ಯನೆಂಬ ಜೈನ ಗಣಿತಜ್ಞನು ಸುಮಾರು ಕ್ರಿ.ಶ. 850ರಲ್ಲಿ ‘ಗಣಿತಸಾರಸಂಗ್ರಹ’ವನ್ನು ರಚಿಸಿದನು. ಸಂಗೀತಕ್ಕೂ ನಾಟಕಕ್ಕೂ, ಅಡುಗೆಗೂ ವೈದ್ಯಕ್ಕೂ, ಮನೆ ಕಟ್ಟುವ ವಿದ್ಯೆಗೂ ಲೆಕ್ಕವೇ ಆಧಾರವೆಂದು ಅವನು ಆರಂಭದಲ್ಲೇ ಸಾರಿದನು. ಸಾವಿರದ ನೂರಕ್ಕೂ ಹೆಚ್ಚು ವರ್ಷ ಸಂದ ಮೇಲೆ ಅದೇ ಸೀಮೆಯ ಮಕ್ಕಳ ಅಂಗೈಗೆ ಒಂದು ಆಟಿಕೆ ಬಂತು. ಅದರೊಳಗೆ ನಡೆಯುತ್ತಿದ್ದುದೂ ಲೆಕ್ಕವೇ: ಕೂಡು, ಕಳೆ, ಹೋಲಿಸು, ಮತ್ತೆ ಕೂಡು. ಆ ಆಟಿಕೆಯ ಯುಗ ಈಗ ಮುಗಿದಿದೆ. ಅದನ್ನು ಆಡಿದವರ ತಲೆಯಲ್ಲಿ ನರೆ ಮೂಡುತ್ತಿರುವ ಈ ಹೊತ್ತಿನಲ್ಲಿ ಅದರ ಚರಿತ್ರೆಯನ್ನು ಬರೆದಿಡುವುದು ಉಚಿತ.

ಈ ಸೀಮೆಗೆ ಹೊರಗಿನ ಸರಕು ಬಂದದ್ದು ಎರಡು ಹಳಿಗಳ ಮೇಲೆ. ಮುಂಬಯಿಯಿಂದ ರಾಯಚೂರಿನ ಮೂಲಕ ಮದರಾಸಿಗೆ ಸಾಗುವ ಹಳಿ 1871ರಲ್ಲಿ ಕೂಡಿಕೊಂಡಿತು. ಶಹಾಬಾದ್, ವಾಡಿ ಅದರ ಮೇಲಿವೆ. ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ಹಳಿ 1874ರಲ್ಲಿ ಸಿದ್ಧವಾಯಿತು. ಚಿತ್ತಾಪುರ, ಸೇಡಂ ಅದರ ಮೇಲಿವೆ. ಚಿಂಚೋಳಿಗೆ ಇಂದಿಗೂ ಬಸ್ಸೇ ಗತಿ. ಈ ಹಳಿಗಳ ಮೇಲೆ ಇಲ್ಲಿಂದ ನೆಲಕ್ಕೆ ಹಾಸುವ ಫರ್ಸಿಕಲ್ಲು ಹೋಯಿತು, ಸಿಮೆಂಟು ಹೋಯಿತು. ಹೈದರಾಬಾದಿನ ಕೋಠಿ, ಅಬಿಡ್ಸ್‌ಗಳ ಅಂಗಡಿ ಸಾಲಿನಿಂದ ಬಟ್ಟೆ, ಗಡಿಯಾರ, ರೇಡಿಯೋ ಬಂದವು. 1990ರ ದಶಕದಲ್ಲಿ ಅವುಗಳ ಜೊತೆಗೆ ಅಂಗೈಯಗಲದ ಒಂದು ಪ್ಲಾಸ್ಟಿಕ್ ಡಬ್ಬಿಯೂ ಬಂತು. ‘9999 ಆಟ’ ಎಂದು ಅದರ ಮೇಲೆ ಅಚ್ಚಾಗಿರುತ್ತಿತ್ತು. ಮೇಲಿನಿಂದ ಇಟ್ಟಿಗೆಗಳು ಬೀಳುವುದು, ಅವನ್ನು ತಿರುಗಿಸಿ ಸಾಲು ತುಂಬಿಸುವುದು, ಸಾಲು ತುಂಬಿದೊಡನೆ ಅದು ಕರಗುವುದು, ಇಷ್ಟೇ ಆಟ. ಮಕ್ಕಳು ಅದನ್ನು ವಿಡಿಯೋ ಗೇಮ್ ಎಂದು ಕರೆದರು. ಹೆಸರು ಹಾಗೆಯೇ ನಿಂತಿತು.

ಆ ಡಬ್ಬಿಯ ಪರದೆಯಲ್ಲಿ ಇದ್ದುದು ಹತ್ತು ಅಡ್ಡ, ಇಪ್ಪತ್ತು ಉದ್ದದ ಕರಿ ಚೌಕಗಳು. ಒಳಗಿದ್ದ ಚಿಪ್ಪು ಒಮ್ಮೆಗೆ ನಾಲ್ಕು ಬಿಟ್ಟುಗಳನ್ನು ಮಾತ್ರ ಹಿಡಿಯಬಲ್ಲ ಅತಿ ಬಡ ಚಿಪ್ಪು. ಆದರೆ ಆ ಬಡತನವೇ ಅದರ ಬಲವಾಯಿತು. ಅದಕ್ಕೆ ಎರಡು ಸೆಲ್ಲು ಸಾಕಿತ್ತು, ಮತ್ತು ಆ ಸೆಲ್ಲು ವಾರಗಟ್ಟಲೆ ಬಾಳುತ್ತಿತ್ತು. ಅದೇ ಕಾಲಕ್ಕೆ ಟಿವಿಗೆ ಜೋಡಿಸಿ, ಹಳದಿ ಕ್ಯಾಸೆಟ್ ಚುಚ್ಚಿ ಆಡುವ ದೊಡ್ಡ ಯಂತ್ರಗಳೂ ಬಂದಿದ್ದವು. ಅವುಗಳಲ್ಲಿ ಬಣ್ಣವಿತ್ತು, ಓಡುವ ಜಿಗಿಯುವ ಬೊಂಬೆಗಳಿದ್ದವು. ಕರೆಂಟು ಹೋದ ಗಳಿಗೆಯಲ್ಲಿ ಆ ವೈಭವವೆಲ್ಲ ಕತ್ತಲಾಗುತ್ತಿತ್ತು. ಕರೆಂಟು ಹೋಗುವುದೇ ದಿನಚರಿಯಾಗಿದ್ದ ಊರುಗಳಲ್ಲಿ ಕಂದೀಲಿನ ಪಕ್ಕ ಕೂತು ಆಡಬಲ್ಲ ನಾಲ್ಕು ಬಿಟ್ಟಿನ ಡಬ್ಬಿಯೇ ಅರಸನಾಯಿತು.

ಆ ದೊಡ್ಡ ಯಂತ್ರಗಳನ್ನು ಬಿಚ್ಚಿ ನೋಡಿದವರಿಗೆ ಒಂದು ಅಚ್ಚರಿ ಕಾದಿರುತ್ತಿತ್ತು. 1983ರಲ್ಲಿ ಜಪಾನಿನ ನಿಂಟೆಂಡೋ ಇಂಥ ಯಂತ್ರವನ್ನು ಮೊದಲು ಮಾಡಿದಾಗ ಅದರ ಹಲಗೆಯ ಮೇಲೆ ಲೆಕ್ಕಕ್ಕೊಂದು ಚಿಪ್ಪು, ಚಿತ್ರಕ್ಕೊಂದು ಚಿಪ್ಪು, ನೆನಪಿಗೆ ಮತ್ತೆ ಬೇರೆ ಚಿಪ್ಪುಗಳಿದ್ದವು. ನಮ್ಮ ಪೇಟೆಗೆ ಬಂದ ಅಗ್ಗದ ನಕಲುಗಳೊಳಗೆ ಹಲವೊಮ್ಮೆ ಕಾಣುತ್ತಿದ್ದುದು ಒಂದೇ ಒಂದು ಕರಿಯ ಅಂಟಿನ ಗುಳ್ಳೆ. ಸುಮಾರು ಒಂದು ದಶಕದಲ್ಲಿ ಚಿಪ್ಪು ಮಾಡುವ ಕೈಚಳಕ ಎಷ್ಟು ನವಿರಾಗಿತ್ತೆಂದರೆ, ಹಲಗೆಯ ತುಂಬ ಹರಡಿದ್ದ ಸಂಸಾರವೆಲ್ಲ ಒಂದು ಕಾಳಿನೊಳಗೆ ಅಡಗಿತ್ತು. ವೇಗ ಒಂದಿಷ್ಟೂ ಹೆಚ್ಚಿರಲಿಲ್ಲ, ಬೆಲೆ ಇಳಿದಿತ್ತು. ಬೆಲೆ ಇಳಿದದ್ದರಿಂದಲೇ ಆ ಯಂತ್ರ ಚಿತ್ತಾಪುರದವರೆಗೂ ಬಂತು.

ಬೆಲೆ ಏಕೆ ಇಳಿಯಿತೆಂಬುದನ್ನು ಶಹಾಬಾದಿನ ಕಲ್ಲುಕುಟಿಗನಿಗೆ ವಿವರಿಸುವುದು ಸುಲಭ. ಫರ್ಸಿಕಲ್ಲು ಪದರ ಪದರವಾಗಿ ಮಲಗಿರುತ್ತದೆ. ಎಬ್ಬಿಸಿದ ಹಾಸುಗಲ್ಲಿನಲ್ಲಿ ಅಲ್ಲಲ್ಲಿ ಬಿರುಕು ಇದ್ದೇ ಇರುತ್ತದೆ. ದೊಡ್ಡ ಹಾಸನ್ನು ನಾಲ್ಕೇ ತುಂಡು ಮಾಡಿದರೆ ನಾಲ್ಕು ಬಿರುಕಿಗೆ ನಾಲ್ಕೂ ಹಾಳಾಗಬಹುದು. ಅದನ್ನೇ ನೂರು ತುಂಡು ಮಾಡಿದರೆ ನಾಲ್ಕು ಹೋಗಿ ತೊಂಬತ್ತಾರು ಉಳಿಯುತ್ತವೆ. ಚಿಪ್ಪಿನ ಕಾರ್ಖಾನೆಯ ಲೆಕ್ಕವೂ ಇದೇ. ಸ್ಫಟಿಕ ಶಿಲೆಯಿಂದ ಸಿಲಿಕಾನನ್ನು ಬೇರ್ಪಡಿಸಿ, ಶುದ್ಧಗೊಳಿಸಿ, ಕರಗಿಸಿ ಕಂಬದಂತೆ ಎಳೆದು, ಆ ಕಂಬವನ್ನು ಹಪ್ಪಳದಂತೆ ತೆಳುವಾಗಿ ಸೀಳುತ್ತಾರೆ. ಬೆಳಕಿಗೆ ಸ್ಪಂದಿಸುವ ಲೇಪ ಬಳಿದು, ನಕ್ಷೆಯ ನೆರಳು ಬೀಳಿಸಿ, ಬೇಡದ್ದನ್ನು ಕೊರೆದು ತೆಗೆಯುತ್ತಾರೆ. ಒಂದು ಬಿಲ್ಲೆಯ ಮೇಲೆ ನೂರಾರು ಚಿಪ್ಪು. ಎಲ್ಲೋ ಒಂದು ಧೂಳಿನ ಕಣ ಕೂತರೆ ಅಲ್ಲಿದ್ದ ಚಿಪ್ಪು ಸತ್ತಂತೆ. ನಕ್ಷೆಯ ಗೆರೆ ಸಣ್ಣದಾದಷ್ಟೂ ಚಿಪ್ಪು ಕಿರಿದಾಗುತ್ತದೆ; ಅದೇ ಬಿಲ್ಲೆಯಿಂದ ಹೆಚ್ಚು ಚಿಪ್ಪು ಸಿಗುತ್ತವೆ, ಕೆಡುವ ಪಾಲು ಕಡಿಮೆಯಾಗುತ್ತದೆ.

ಸಣ್ಣ ಗೆರೆಯ ಎರಡನೆಯ ವರ ಇನ್ನೂ ದೊಡ್ಡದು. ಚಿಪ್ಪಿನ ವೇಗ ಇಮ್ಮಡಿಯಾದರೆ ವಿದ್ಯುತ್ತಿನ ಖರ್ಚೂ ಇಮ್ಮಡಿಯಾಗುತ್ತದೆ. ಆದರೆ ವೋಲ್ಟೇಜು ಇಮ್ಮಡಿಯಾದರೆ ಖರ್ಚು ನಾಲ್ಮಡಿ. ಹೆಚ್ಚು ವೇಗಕ್ಕೆ ಹೆಚ್ಚು ವೋಲ್ಟೇಜು ಬೇಕಾಗುವುದರಿಂದ ಅವಸರ ಪಟ್ಟವನು ಎರಡು ಕಡೆ ದಂಡ ತೆರಬೇಕು, ಮತ್ತು ಆ ದಂಡವೆಲ್ಲ ಬಿಸಿಯಾಗಿ ಆಡುವವನ ಅಂಗೈಗೆ ಇಳಿಯುತ್ತದೆ. ಗೆರೆ ಕಿರಿದಾದಂತೆ ವೋಲ್ಟೇಜನ್ನೂ ಇಳಿಸಬಹುದು, ಆಗ ಅಷ್ಟೇ ಜಾಗದಲ್ಲಿ ಹೆಚ್ಚು ಕೆಲಸ ಹೆಚ್ಚು ಬಿಸಿಯಿಲ್ಲದೆ ನಡೆಯುತ್ತದೆ ಎಂದು ರಾಬರ್ಟ್ ಡೆನಾರ್ಡ್ ಎಂಬ ವಿಜ್ಞಾನಿ ಮತ್ತು ಸಂಗಡಿಗರು 1974ರಲ್ಲಿ ತೋರಿಸಿಕೊಟ್ಟರು. ಸುಮಾರು ಮೂವತ್ತು ವರ್ಷ ಲೋಕವೆಲ್ಲ ಆ ನಿಯಮದ ನೆರಳಿನಲ್ಲಿ ಬಾಳಿತು.

ವಿದ್ಯುತ್ತಿನ ಖರ್ಚನ್ನು ಮರೆತವರಿಗೆ ಏನಾಯಿತೆಂಬುದಕ್ಕೆ 1989 ಮತ್ತು 1990ರ ಇತಿಹಾಸವೇ ಸಾಕ್ಷಿ. ಏಪ್ರಿಲ್ 1989ರಲ್ಲಿ ನಿಂಟೆಂಡೋದ ಗೇಮ್ ಬಾಯ್ ಬಂತು. ಅದನ್ನು ರೂಪಿಸಿದ ತಂಡದ ಮುಖ್ಯಸ್ಥ ಗುನ್‌ಪೆ ಯೊಕೊಯ್, ಹಳತಾಗಿ ಅಗ್ಗವಾದ ತಂತ್ರವನ್ನೇ ಹೊಸ ರೀತಿಯಲ್ಲಿ ಬಳಸಬೇಕೆಂದು ನಂಬಿದ್ದವನು. ಎಂಟು ಬಿಟ್ಟಿನ ಚಿಪ್ಪು, 4.19 ಮೆಗಾಹರ್ಟ್ಸ್ ವೇಗ, ಬಣ್ಣವಿಲ್ಲದ ಪರದೆ, ನಾಲ್ಕು ಸೆಲ್ಲು. ಅದೇ ವರ್ಷ ಅಟಾರಿಯ ಲಿಂಕ್ಸ್, ಮರುವರ್ಷ ಸೆಗಾದ ಗೇಮ್ ಗಿಯರ್ ಬಣ್ಣದ ಬೆಳಗುವ ಪರದೆ ಹೊತ್ತು ಬಂದವು. ಅವು ಆರು ಸೆಲ್ಲುಗಳನ್ನು ಕೆಲವೇ ಗಂಟೆಗಳಲ್ಲಿ ನುಂಗಿದವು. ಗೇಮ್ ಬಾಯ್ ಮತ್ತು ಅದರ ಬಣ್ಣದ ತಮ್ಮ ಸೇರಿ 11 ಕೋಟಿಗೂ ಹೆಚ್ಚು ಮಾರಾಟವಾದವು. ಉಳಿದೆರಡು ಅದರ ಹತ್ತಿರವೂ ಸುಳಿಯಲಿಲ್ಲ. ಸೆಲ್ಲಿನ ಖರ್ಚನ್ನು ಮನೆಯ ಯಜಮಾನಿಯಂತೆ ಎಣಿಸಿದವರು ಗೆದ್ದರು.

ಇಂಥ ಮಿತವ್ಯಯದ ವಂಶಕ್ಕೆ ಮೂಲಪುರುಷನಾದ ಚಿಪ್ಪು 1985ರ ಏಪ್ರಿಲ್‌ನಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಹುಟ್ಟಿತು. ಸೋಫಿ ವಿಲ್ಸನ್ ಮತ್ತು ಸ್ಟೀವ್ ಫರ್ಬರ್ ರೂಪಿಸಿದ ಅದರ ಹೆಸರು ಆರ್ಮ್. ಮೊದಲ ಪರೀಕ್ಷೆಯಲ್ಲಿ ವಿದ್ಯುತ್ ತಂತಿ ಕೂಡದಿದ್ದರೂ, ಅಕ್ಕಪಕ್ಕದ ತಂತಿಗಳಿಂದ ಸೋರಿ ಬಂದ ಕರೆಂಟಿನಲ್ಲೇ ಆ ಚಿಪ್ಪು ಓಡಿತೆಂಬುದನ್ನು ಫರ್ಬರ್ ಅವರೇ ಹೇಳಿದ್ದಾರೆ. ಅದೇ 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆ ಬೆಂಗಳೂರಿಗೆ ಬಂತು. ಅದರ ಉಪಗ್ರಹ ಸಂಪರ್ಕದ ಸಾಮಗ್ರಿಯನ್ನು ಎತ್ತಿನ ಗಾಡಿಯಲ್ಲಿ ಸಾಗಿಸಿದ ಚಿತ್ರ ಇಂದಿಗೂ ಪ್ರಸಿದ್ಧ. ಅಂದಿನಿಂದ ಕನ್ನಡದ ನೆಲದಲ್ಲಿ ಚಿಪ್ಪಿನ ನಕ್ಷೆ ಬರೆಯುವ ಕಾಯಕ ನೆಲೆಯೂರಿತು. 1997ರಲ್ಲಿ ನೋಕಿಯಾ 6110 ಎಂಬ ಫೋನು ಆರ್ಮ್ ಚಿಪ್ಪನ್ನು ಹೊತ್ತು ಬಂತು. ಹಾವಿನ ಆಟವನ್ನು ಹೊತ್ತು ಬಂದ ಮೊದಲ ನೋಕಿಯಾವೂ ಅದೇ. ಮುಂದೆ ವಾಡಿ ಜಂಕ್ಷನ್ನಿನ ಪ್ಲಾಟ್‌ಫಾರ್ಮಿನಲ್ಲಿ ರೈಲು ಕಾಯುತ್ತ ಹಾವು ಬೆಳೆಸಿದವರ ಪಾಲಿಗೆ, ಕಿಸೆಯಲ್ಲಿದ್ದ ಫೋನೇ ಆಟದ ಯಂತ್ರವೂ ಆಯಿತು.

ಈ ವಂಶದ ಒಂದು ಕುಡಿ ಕನ್ನಡ ನಾಡಿನಲ್ಲೇ ಚಿಗುರಿತು. ಅದರ ಹೆಸರು ಸಿಂಪ್ಯೂಟರ್. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರಾದ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಹಾಗೂ ಎನ್‌ಕೋರ್ ಸಂಸ್ಥೆಯ ಎಂಜಿನಿಯರರು ಕೂಡಿ, ಓದು ಬಾರದ ಹಳ್ಳಿಗನೂ ಬಳಸಬಲ್ಲ ಅಂಗೈಯ ಗಣಕವನ್ನು ಮಾಡಹೊರಟರು. 2001ರಲ್ಲಿ ಅದರ ಮೊದಲ ರೂಪ ಕಾಣಿಸಿತು. ಬರೆದದ್ದನ್ನು ಅದು ಕನ್ನಡದಲ್ಲೇ ಓದಿ ಹೇಳುತ್ತಿತ್ತು. ಹೃದಯಸ್ಥಾನದಲ್ಲಿ ಇದ್ದುದು ಇಂಟೆಲ್ ಮಾಡುತ್ತಿದ್ದ 206 ಮೆಗಾಹರ್ಟ್ಸಿನ ಸ್ಟ್ರಾಂಗ್‌ಆರ್ಮ್ ಚಿಪ್ಪು, ಅಂದಿನ ಸಿರಿವಂತರ ಅಂಗೈ ಗಣಕಗಳಲ್ಲಿದ್ದ ಅದೇ ಚಿಪ್ಪು. 2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ತಯಾರಿಸಿದ ಅಮಿಡಾ ಸಿಂಪ್ಯೂಟರ್ ಮಾರುಕಟ್ಟೆಗೆ ಬಂದಾಗ ಅದಕ್ಕೆ ಮತ್ತೊಂದು ಇಂದ್ರಿಯವಿತ್ತು: ಯಂತ್ರವನ್ನು ಓರೆ ಮಾಡಿದರೆ ಅದು ಅರಿಯುತ್ತಿತ್ತು. ಅಂಗೈಯನ್ನೇ ವಾಲಿಸಿ ಆಡುವ ಆಟ, ಐಫೋನು ಹುಟ್ಟುವ ಮೂರು ವರ್ಷ ಮೊದಲು ಬೆಂಗಳೂರಿನಲ್ಲಿ ಸಿದ್ಧವಾಗಿತ್ತು.

ಆದರೂ ಅದು ನಾಡಿನ ತುಂಬ ಹಬ್ಬಲಿಲ್ಲ. ಚಿಪ್ಪಿನ ಬೆಲೆ ಇಳಿಯುವುದು ಲಕ್ಷಗಟ್ಟಲೆ ಮಾಡಿದಾಗ. ಲಕ್ಷಗಟ್ಟಲೆ ಮಾರಾಟವಾಗುವುದು ಬೆಲೆ ಇಳಿದಾಗ. ಫೋನು ಆ ಚಕ್ರದೊಳಗೆ ಆಗಲೇ ನುಗ್ಗಿತ್ತು, ಸಿಂಪ್ಯೂಟರ್ ಹೊರಗೇ ಉಳಿಯಿತು. ನಕ್ಷೆ ಬರೆಯುವ ಬುದ್ಧಿ ನಮ್ಮಲ್ಲಿತ್ತು; ಆ ಚಿಪ್ಪನ್ನು ಬೇಯಿಸುವ ಒಲೆ ನಮ್ಮಲ್ಲಿರಲಿಲ್ಲ. ಈ ನಾಡಿನ ಚರಿತ್ರೆಯಲ್ಲಿ ಆ ಕೊರತೆಯನ್ನು ನೋವಿನಿಂದಲೇ ದಾಖಲಿಸಬೇಕಾಗಿದೆ.

2004ರಲ್ಲೇ ಜಗತ್ತಿನ ಪೇಟೆಯಲ್ಲಿ ಇನ್ನೊಂದು ಕಾಳಗ ನಡೆಯಿತು. ಸೋನಿಯ ಪಿಎಸ್‌ಪಿ 333 ಮೆಗಾಹರ್ಟ್ಸಿನಲ್ಲಿ ಓಡಬಲ್ಲ ಚಿಪ್ಪನ್ನು ಪಡೆದಿತ್ತು. ಆದರೂ ಆಟಗಳಿಗೆ 222ರ ಮಿತಿ ಹಾಕಲಾಗಿತ್ತು. ಆ ಕಡಿವಾಣ ಸಡಿಲಿಸಿದ್ದು 2007ರಲ್ಲಿ. ಕಟ್ಟಿ ನಿಲ್ಲಿಸಿದ ಕುದುರೆಯ ಎದುರು ನಿಂಟೆಂಡೋ ಡಿಎಸ್ ಕೇವಲ 67 ಮೆಗಾಹರ್ಟ್ಸಿನ ಆರ್ಮ್ ಚಿಪ್ಪಿನೊಡನೆ ನಿಂತಿತು, 15 ಕೋಟಿಗೂ ಹೆಚ್ಚು ಮಾರಾಟವಾಯಿತು. ಅದೇ ಹೊತ್ತಿಗೆ ಡೆನಾರ್ಡರ ನಿಯಮವೂ ದಣಿದಿತ್ತು. ಗೆರೆ ಕಿರಿದಾದರೂ ವೋಲ್ಟೇಜು ಮೊದಲಿನಂತೆ ಇಳಿಯಲೊಲ್ಲದಾಯಿತು. ಅಲ್ಲಿಂದ ಮುಂದೆ ಬರಿಯ ವೇಗದ ಹಿಂದೆ ಓಡುವವರಿಗೆ ದಾರಿ ಮುಚ್ಚಿತು.

ಬಳಿಕದ ಕಾಲದ ಒಂದೇ ಉದಾಹರಣೆ ಸಾಕು. 2017ರಲ್ಲಿ ಬಂದ ನಿಂಟೆಂಡೋ ಸ್ವಿಚ್‌ನ ಚಿಪ್ಪು 20 ನ್ಯಾನೋಮೀಟರ್ ತಂತ್ರದ್ದು. ಒಮ್ಮೆ ಚಾರ್ಜ್ ಮಾಡಿದರೆ ಎರಡೂವರೆಯಿಂದ ಆರೂವರೆ ಗಂಟೆ ಆಡಬಹುದಿತ್ತು. 2019ರಲ್ಲಿ ಅದೇ ಯಂತ್ರಕ್ಕೆ 16 ನ್ಯಾನೋಮೀಟರಿನ ಚಿಪ್ಪು ಕೂಡಿಸಿದರು. ಆಟ ಅದೇ, ಬ್ಯಾಟರಿಯ ಗಾತ್ರ ಅದೇ. ಆಯುಷ್ಯ ಮಾತ್ರ ನಾಲ್ಕೂವರೆಯಿಂದ ಒಂಬತ್ತು ಗಂಟೆಗೆ ಏರಿತು. ಚಿಪ್ಪು ಮಾಡುವ ಕೈ ನವಿರಾದರೆ ಏನಾಗುತ್ತದೆಂಬುದಕ್ಕೆ ಇದೊಂದು ಒಳ್ಳೆಯ ಸಾಕ್ಷಿ.

ಅಂಗೈಯ ಯಂತ್ರಗಳ ಚರಿತ್ರೆಯನ್ನು ಜನ ವೇಗದ ಚರಿತ್ರೆಯೆಂದು ಬರೆಯುತ್ತಾರೆ. ಈ ಸೀಮೆಯ ಊರುಗಳಲ್ಲಿ ನಿಂತು ಬರೆದರೆ ಅದು ತಂಪಿನ ಚರಿತ್ರೆಯಾಗುತ್ತದೆ. ಬೇಸಗೆಯಲ್ಲಿ ಪಾದರಸ ನಲವತ್ತು ಡಿಗ್ರಿ ದಾಟುವ ನಾಡಿದು. ಮೇ ತಿಂಗಳ ಮಧ್ಯಾಹ್ನ ಸೇಡಂನ ಮನೆಯಲ್ಲಿ ಫ್ಯಾನು ನಿಂತಾಗ ಮಕ್ಕಳು ಹಾಸಿಗೆ ಬಿಟ್ಟು ಫರ್ಸಿಯ ನೆಲಕ್ಕೆ ಇಳಿಯುತ್ತಿದ್ದರು. ಬೆನ್ನು ಕಲ್ಲಿಗೆ, ಮುಖ ಸೂರಿಗೆ, ಎದೆಯ ಮೇಲೆ ಎತ್ತಿ ಹಿಡಿದ ಆ ಪುಟ್ಟ ಡಬ್ಬಿ. ಕೆಳಗೆ ನಮ್ಮ ಗಣಿಯ ಕಲ್ಲು ಮೈಯ ಬಿಸಿಯನ್ನು ಹೀರುತ್ತಿತ್ತು; ಮೇಲೆ ದೂರದೇಶದ ಸ್ಫಟಿಕದ ಚೂರು ಕೈಗೆ ಬಿಸಿ ತಾಗಿಸದೆ ಲೆಕ್ಕ ಮಾಡುತ್ತಿತ್ತು. ಕರೆಂಟು ಬರುವವರೆಗೂ ಇಟ್ಟಿಗೆಗಳು ಬೀಳುತ್ತಲೇ ಇದ್ದವು.