ಸಿಎಂಎಸ್ ಆಯ್ಕೆ: ವ್ಯಾಪಾರಿ ಜಾಲತಾಣಗಳ ಮೂರು ದಶಕ

ಜಾಲತಾಣದ ಬರಹ, ಚಿತ್ರ, ಬೆಲೆಪಟ್ಟಿಗಳನ್ನು ಪುಟದ ವಿನ್ಯಾಸದಿಂದ ಬೇರ್ಪಡಿಸಿ ಇಟ್ಟು, ಕೋಡ್ ಬಾರದ ಸಿಬ್ಬಂದಿಯೂ ಅವನ್ನು ತಿದ್ದಿ ಪ್ರಕಟಿಸಲು ಅನುವು ಮಾಡಿಕೊಡುವ ತಂತ್ರಾಂಶವೇ ಕಂಟೆಂಟ್ ಮ್ಯಾನೇಜ್‌ಮೆಂಟ್ ಸಿಸ್ಟಮ್, ಚಿಕ್ಕದಾಗಿ ಸಿಎಂಎಸ್. ಇಂಥ ತಂತ್ರಾಂಶಗಳು 1990ರ ದಶಕದ ನಡುವಿನಲ್ಲಿ ಮಾರುಕಟ್ಟೆಗೆ ಬಂದವು. ಅಂದಿನಿಂದ ಕಂಪನಿಗಳು ಅವುಗಳಲ್ಲಿ ಒಂದನ್ನು ಆರಿಸುತ್ತಲೇ ಬಂದಿವೆ. ಆದರೆ ಆಯ್ಕೆಯ ಅಳತೆಗೋಲು ಬದಲಾಗುತ್ತ ಹೋಗಿದೆ: ಮೊದಲು ಪುಟಗಳ ಸಂಖ್ಯೆ, ಆಮೇಲೆ ಲೈಸೆನ್ಸಿನ ಬೆಲೆ, ಬಳಿಕ ನಿರ್ವಹಣೆಯ ಹೊರೆ, ಕೊನೆಗೆ ಒಂದು ವ್ಯವಸ್ಥೆಯನ್ನು ಬಿಟ್ಟು ಹೊರಬರುವ ದಾರಿ. ಒಂದು ಕಾಲದ ತೊಡಕೇ ಮುಂದಿನ ಕಾಲದ ಆಯ್ಕೆಯನ್ನು ತಿದ್ದಿದೆ.

ಮೊದಲ ಜಾಲತಾಣ ಜಿನೀವಾ ಬಳಿಯ ಸೆರ್ನ್ ಸಂಶೋಧನಾ ಕೇಂದ್ರದಲ್ಲಿ ರೂಪುಗೊಂಡು 1991ರಲ್ಲಿ ಹೊರಜಗತ್ತಿಗೆ ತೆರೆದುಕೊಂಡಿತು. 1993ರಲ್ಲಿ ಮೊಸಾಯಿಕ್ ಬ್ರೌಸರ್ ಬಂದಮೇಲೆ ವ್ಯಾಪಾರಿಗಳೂ ಇತ್ತ ತಿರುಗಿದರು. ಆಗಿನ ತಾಣವೆಂದರೆ ಒಂದು ಫೋಲ್ಡರಿನಲ್ಲಿರುವ ಎಚ್‌ಟಿಎಂಎಲ್ ಕಡತಗಳು, ಅಷ್ಟೇ. ಕಚೇರಿಯ ದೂರವಾಣಿ ಸಂಖ್ಯೆ ಬದಲಾದರೆ ಅದು ಅಚ್ಚಾಗಿರುವ ಪ್ರತಿಯೊಂದು ಪುಟವನ್ನೂ ತೆರೆದು ತಿದ್ದಿ, ಎಫ್‌ಟಿಪಿ ಮೂಲಕ ಮತ್ತೆ ಸರ್ವರಿಗೆ ಏರಿಸಬೇಕಿತ್ತು. ಈ ಕೆಲಸಕ್ಕೆಂದೇ ವೆಬ್‌ಮಾಸ್ಟರ್ ಎಂಬ ಹುದ್ದೆ ಹುಟ್ಟಿತು. ಮಾರಾಟ ವಿಭಾಗದವರು ಕೊಟ್ಟ ಸುದ್ದಿ ವೆಬ್‌ಮಾಸ್ಟರ್ ಮೇಜಿನ ಮೇಲೆ ಸರದಿಗಾಗಿ ಕಾಯುತ್ತಿತ್ತು. ವರ್ಮೀರ್ ಕಂಪನಿ ರೂಪಿಸಿ 1996ರಲ್ಲಿ ಮೈಕ್ರೋಸಾಫ್ಟ್ ಕೊಂಡ ಫ್ರಂಟ್‌ಪೇಜ್, 1997ರಲ್ಲಿ ಮ್ಯಾಕ್ರೋಮೀಡಿಯಾ ತಂದ ಡ್ರೀಮ್‌ವೀವರ್ ಪುಟ ಕಟ್ಟುವುದನ್ನು ಹಗುರ ಮಾಡಿದವು. ಆದರೆ ಯಾರು ಬರೆಯಬೇಕು, ಯಾರು ಒಪ್ಪಿಗೆ ಕೊಡಬೇಕು, ಸಾವಿರಾರು ಪುಟಗಳನ್ನು ಒಟ್ಟಿಗೆ ಬದಲಿಸುವುದು ಹೇಗೆ ಎಂಬ ಪ್ರಶ್ನೆಗಳು ಹಾಗೆಯೇ ಉಳಿದವು.

ಉತ್ತರ ಹುಡುಕುವ ತುರ್ತು ಮೊದಲು ಎದುರಾದದ್ದು ಸುದ್ದಿ ತಾಣಗಳಿಗೆ. ಸ್ಯಾನ್ ಫ್ರಾನ್ಸಿಸ್ಕೋದ ಸಿನೆಟ್ ಕಂಪನಿ ತನ್ನ ಬಳಕೆಗೆಂದು ಪ್ರಿಸಮ್ ಎಂಬ ವ್ಯವಸ್ಥೆಯನ್ನು ಕಟ್ಟಿಕೊಂಡಿತ್ತು. ಬರಹ ಡೇಟಾಬೇಸಿನಲ್ಲಿ, ಪುಟದ ಅಚ್ಚು ಬೇರೆಡೆ. ಓದುಗ ಕೇಳಿದಾಗ ಎರಡೂ ಕೂಡಿ ಪುಟವಾಗುತ್ತಿದ್ದವು. ಟೆಕ್ಸಸ್‌ನ ಆಸ್ಟಿನ್‌ನಲ್ಲಿ 1995ರಲ್ಲಿ ಆರಂಭವಾಗಿದ್ದ ವಿನ್ಯೆಟ್ ಕಂಪನಿ ಈ ತಂತ್ರವನ್ನು ಪಡೆದು ಸ್ಟೋರಿಸರ್ವರ್ ಹೆಸರಿನಲ್ಲಿ ಮಾರಿತು. ಅದೇ ವರ್ಷ ಹುಟ್ಟಿದ ಇಂಟರ್‌ವೋವನ್ ತನ್ನ ಟೀಮ್‌ಸೈಟ್‌ನಲ್ಲಿ ಕರಡು, ಪರಿಶೀಲನೆ, ಒಪ್ಪಿಗೆ, ಹಳೆಯ ಆವೃತ್ತಿಗಳ ದಾಖಲೆ ಎಲ್ಲವನ್ನೂ ಕ್ರಮಬದ್ಧಗೊಳಿಸಿತು. ಲೈಸೆನ್ಸು, ಸರ್ವರ್, ಸಲಹೆಗಾರರ ಸಂಬಳ ಸೇರಿ ಖರ್ಚು ಲಕ್ಷಾಂತರ ಡಾಲರ್ ದಾಟುತ್ತಿತ್ತು. ಹೀಗಾಗಿ ಸಿಎಂಎಸ್ ಆಯ್ಕೆಯೆಂಬುದು ದೊಡ್ಡ ಕಂಪನಿಗಳ ಆಡಳಿತ ಮಂಡಳಿಯಲ್ಲಿ ತೀರ್ಮಾನವಾಗುವ, ಟೆಂಡರು ಮತ್ತು ಪ್ರಾತ್ಯಕ್ಷಿಕೆಗಳ ವ್ಯವಹಾರವಾಗಿತ್ತು. ಸಣ್ಣ ವ್ಯಾಪಾರಿಗೆ ಅಲ್ಲಿ ಜಾಗವಿರಲಿಲ್ಲ.

ಆ ಜಾಗವನ್ನು ತೆರೆದದ್ದು ಮುಕ್ತ ತಂತ್ರಾಂಶ. ಅಪಾಚೆ ಸರ್ವರ್, ಪಿಎಚ್‌ಪಿ ಮತ್ತು ಮೈಎಸ್‌ಕ್ಯೂಎಲ್ ಮೂರೂ 1995ರಲ್ಲಿ ಕಾಣಿಸಿಕೊಂಡವು. ಲಿನಕ್ಸ್ ಜೊತೆ ಸೇರಿದ ಇವುಗಳ ಮೇಲೆ ಅಗ್ಗದ ಹೋಸ್ಟಿಂಗ್ ಉದ್ಯಮ ಬೆಳೆಯಿತು. ಡೆನ್ಮಾರ್ಕಿನ ಕ್ಯಾಸ್ಪರ್ ಸ್ಕೋರ್‌ಹೋಯ್ ಆರಂಭಿಸಿದ ಟೈಪೋ3 ಯುರೋಪಿನಲ್ಲಿ, ಅದರಲ್ಲೂ ಜರ್ಮನ್ ಭಾಷಿಕ ದೇಶಗಳಲ್ಲಿ ನೆಲೆಯೂರಿತು. ಬೆಲ್ಜಿಯಂನ ಆಂಟ್‌ವರ್ಪ್‌ನಲ್ಲಿ ವಿದ್ಯಾರ್ಥಿಯಾಗಿದ್ದ ಡ್ರೀಸ್ ಬೈಟಾರ್ಟ್ ಗೆಳೆಯರೊಡನೆ ಸುದ್ದಿ ಹಂಚಿಕೊಳ್ಳಲು ಬರೆದ ತಂತ್ರಾಂಶ 2001ರ ಜನವರಿಯಲ್ಲಿ ದ್ರುಪಲ್ ಆಗಿ ಬಿಡುಗಡೆಯಾಯಿತು. ಆಸ್ಟ್ರೇಲಿಯಾದ ಮಿರೋ ಕಂಪನಿಯ ಮ್ಯಾಂಬೊ ವ್ಯವಸ್ಥೆಯ ಒಡೆತನದ ಬಗ್ಗೆ ತಕರಾರು ಎದ್ದಾಗ ಅದರ ಡೆವಲಪರುಗಳು ಹೊರನಡೆದು 2005ರಲ್ಲಿ ಜೂಮ್ಲಾ ಕಟ್ಟಿದರು. ಕೋಡ್ ಯಾರು ಬೇಕಾದರೂ ನಕಲಿಸಿ ಮುಂದುವರಿಸಬಹುದಾದ ಜಿಪಿಎಲ್ ಪರವಾನಗಿಯಡಿ ಇದ್ದುದರಿಂದಲೇ ಅವರು ಅದನ್ನು ಕೈಯಲ್ಲಿ ಹಿಡಿದು ಹೊರಡಲು ಸಾಧ್ಯವಾಯಿತು.

ವರ್ಡ್‌ಪ್ರೆಸ್‌ನ ಏಳಿಗೆಯ ಹಿಂದೆಯೂ ಪರವಾನಗಿಯ ಪಾತ್ರವಿದೆ. ಮಿಶೆಲ್ ವಾಲ್‌ಡ್ರಿಗಿ ಬರೆದ ಬಿ2 ಎಂಬ ಬ್ಲಾಗ್ ತಂತ್ರಾಂಶ ನಿಂತುಹೋದಾಗ ಮ್ಯಾಟ್ ಮಲೆನ್‌ವೆಗ್ ಮತ್ತು ಮೈಕ್ ಲಿಟಲ್ ಅದನ್ನು ಮುಂದುವರಿಸಿ 2003ರ ಮೇ 27ರಂದು ವರ್ಡ್‌ಪ್ರೆಸ್‌ನ ಮೊದಲ ಆವೃತ್ತಿ ತಂದರು. ಆಗ ಮುಂಚೂಣಿಯಲ್ಲಿದ್ದ ಮೂವಬಲ್ ಟೈಪ್ 2004ರ ಮೇ ತಿಂಗಳಲ್ಲಿ ಪರವಾನಗಿ ನಿಯಮಗಳನ್ನು ಬದಲಿಸಿತು. ಹೆಚ್ಚು ಲೇಖಕರಿದ್ದವರು ಹಣ ಕಟ್ಟಬೇಕಾಯಿತು. ಅನೇಕರು ಉಚಿತವಾದ ವರ್ಡ್‌ಪ್ರೆಸ್‌ಗೆ ಹೊರಟರು. ಅದೇ ವರ್ಷ ಪ್ಲಗಿನ್‌ಗಳೂ 2005ರಲ್ಲಿ ಥೀಮ್‌ಗಳೂ ಸ್ಥಿರ ಪುಟಗಳೂ ಬಂದದ್ದರಿಂದ, ದಿನಚರಿ ಬರೆಯುವ ಸಾಧನ ಕಂಪನಿಯ ತಾಣಕ್ಕೂ ಒದಗಿತು. 2011ರ ವೂಕಾಮರ್ಸ್ ಪ್ಲಗಿನ್ ಅದಕ್ಕೆ ಅಂಗಡಿಯನ್ನೂ ಜೋಡಿಸಿತು. ಸಮೀಕ್ಷಾ ಸಂಸ್ಥೆ ಡಬ್ಲ್ಯೂ3ಟೆಕ್ಸ್ ಪ್ರಕಾರ 2021ರ ಹೊತ್ತಿಗೆ ಜಗತ್ತಿನ ಶೇ. 40ಕ್ಕೂ ಹೆಚ್ಚು ತಾಣಗಳು ವರ್ಡ್‌ಪ್ರೆಸ್ ಬಳಸುತ್ತಿದ್ದವು.

ಕನ್ನಡದಲ್ಲಿ ವ್ಯವಹರಿಸುವವರಿಗೆ ಈ ಆಯ್ಕೆಯಲ್ಲಿ ಇನ್ನೊಂದು ಕಗ್ಗಂಟಿತ್ತು. 1990ರ ದಶಕದ ಕನ್ನಡ ತಾಣಗಳು ಅಕ್ಷರಗಳನ್ನು ಆಯಾ ಫಾಂಟಿನ ಸಂಕೇತಗಳಲ್ಲಿ ಉಳಿಸಿಡುತ್ತಿದ್ದವು. ಫಾಂಟ್ ಇಲ್ಲದ ಗಣಕದಲ್ಲಿ ಪುಟ ಓದಲಾಗುತ್ತಿರಲಿಲ್ಲ. ಹುಡುಕಾಟಕ್ಕೆ ಪದಗಳು ಸಿಗುತ್ತಿರಲಿಲ್ಲ. ಇಂಥ ಬರಹವನ್ನು ಬೇರೆ ವ್ಯವಸ್ಥೆಗೆ ಒಯ್ಯುವ ಮೊದಲು ಪರಿವರ್ತಕಗಳಿಂದ ಬದಲಿಸಬೇಕಿತ್ತು. ಫಾಂಟ್ ಯಾವುದಾದರೂ ಅಕ್ಷರಕ್ಕೆ ಒಂದೇ ಸಂಕೇತ ಕೊಡುವ ಯೂನಿಕೋಡ್ ಕನ್ನಡ ವಿಂಡೋಸ್ ಎಕ್ಸ್‌ಪಿಯಲ್ಲಿ ಬಂತು. 2004ರಲ್ಲಿ ಮೈಎಸ್‌ಕ್ಯೂಎಲ್ 4.1 ಯುಟಿಎಫ್-8 ಸಂಕೇತವನ್ನು ಬೆಂಬಲಿಸಿದ ಮೇಲೆ ಡೇಟಾಬೇಸಿನಲ್ಲೂ ಕನ್ನಡಕ್ಕೆ ಸರಿಯಾದ ನೆಲೆ ಸಿಕ್ಕಿತು. 2005ರಲ್ಲಿ ಆರಂಭವಾದ ‘ಸಂಪದ’ ದ್ರುಪಲ್ ಮೇಲೆ ನಡೆದ ಕನ್ನಡದ ಸಮುದಾಯ ತಾಣ. ಡೇಟಾಬೇಸಿನ ಸಂಕೇತ ತಪ್ಪಾಗಿದ್ದರೆ ಕನ್ನಡದ ಸಾಲುಗಳು ಪ್ರಶ್ನಾರ್ಥಕ ಚಿಹ್ನೆಗಳಾಗಿ ಕಾಣುವುದರಿಂದ, ಭಾಷಾ ಬೆಂಬಲವನ್ನು ಮೊದಲೇ ಪರೀಕ್ಷಿಸುವ ರೂಢಿ ಬೆಳೆಯಿತು.

ಲೈಸೆನ್ಸಿನ ಖರ್ಚು ಇಳಿದಮೇಲೆ ನಿರ್ವಹಣೆಯ ಖರ್ಚು ಕಣ್ಣಿಗೆ ಬಿತ್ತು. ಎಲ್ಲರೂ ಒಂದೇ ತಂತ್ರಾಂಶ ಬಳಸಿದಾಗ ಅದರ ಒಂದು ದೋಷ ಎಲ್ಲರ ದೋಷವಾಗುತ್ತದೆ. 2014ರ ಅಕ್ಟೋಬರ್ 15ರಂದು ದ್ರುಪಲ್ 7ರ ಗಂಭೀರ ಭದ್ರತಾ ದೋಷವೊಂದು ಪ್ರಕಟವಾಯಿತು. ಪ್ರಕಟಣೆಯ ಏಳು ಗಂಟೆಯೊಳಗೆ ಸರಿಪಡಿಸದ ತಾಣಗಳು ದಾಳಿಗೆ ತುತ್ತಾಗಿವೆ ಎಂದೇ ಭಾವಿಸಬೇಕೆಂದು ದ್ರುಪಲ್‌ನ ಭದ್ರತಾ ತಂಡ ಎಚ್ಚರಿಸಿತು. ರಾತ್ರಿ ಕೆಲಸಗಾರರಿಲ್ಲದ ಸಣ್ಣ ಕಂಪನಿಗೆ ಇದು ಪಾಲಿಸಲಾಗದ ಗಡುವು. 2015ರಲ್ಲಿ ಬಂದ ದ್ರುಪಲ್ 8ಕ್ಕೆ ಹೋಗುವುದೆಂದರೆ ತಾಣವನ್ನು ಬಹುಮಟ್ಟಿಗೆ ಹೊಸದಾಗಿ ಕಟ್ಟುವುದೇ ಆಗಿತ್ತು. ಹಲವರು ಹಳೆಯದರಲ್ಲೇ ಉಳಿದರು. ದ್ರುಪಲ್ 7ರ ಅಧಿಕೃತ ಬೆಂಬಲ 2025ರ ಜನವರಿಯವರೆಗೂ ಮುಂದುವರಿಯಬೇಕಾಯಿತು.

ಈ ಹೊರೆ ಬೇಡವೆಂದವರು ಬಾಡಿಗೆಯ ಸೇವೆಗಳತ್ತ ಹೋದರು. 2003ರಲ್ಲಿ ಆರಂಭವಾದ ಸ್ಕ್ವೇರ್‌ಸ್ಪೇಸ್, 2006ರಲ್ಲಿ ಇಸ್ರೇಲಿನಲ್ಲಿ ಹುಟ್ಟಿದ ವಿಕ್ಸ್, ಅದೇ ವರ್ಷ ಕೆನಡಾದ ಒಟ್ಟಾವಾದಿಂದ ಬಂದ ಶಾಪಿಫೈ ಕಂತು ಪಡೆದು ಸರ್ವರ್, ಭದ್ರತೆ, ಅಪ್‌ಡೇಟ್ ಎಲ್ಲವನ್ನೂ ತಾವೇ ನೋಡಿಕೊಂಡವು. ಆದರೆ ಇಂಥಲ್ಲಿ ಕಟ್ಟಿದ ತಾಣವನ್ನು ವಿನ್ಯಾಸಸಮೇತ ಬೇರೆ ಸರ್ವರಿಗೆ ಒಯ್ಯಲಾಗದು. ಬರಹ, ಗ್ರಾಹಕರ ಮತ್ತು ಸರಕುಗಳ ಪಟ್ಟಿಯಲ್ಲಿ ಎಷ್ಟು ಭಾಗ ಕೈಗೆ ಸಿಗುತ್ತದೆಂಬುದು ಆಯಾ ಸೇವೆ ಕೊಡುವ ರಫ್ತು ಸೌಲಭ್ಯಕ್ಕೆ ಬಿಟ್ಟದ್ದು.

ದೊಡ್ಡ ಕಂಪನಿಗಳ ಪಾಡೂ ಭಿನ್ನವಾಗಿರಲಿಲ್ಲ. ದುಬಾರಿ ವ್ಯವಸ್ಥೆಗಳ ತಯಾರಕರೇ ಕೈ ಬದಲಾದರು: 2009ರಲ್ಲಿ ಇಂಟರ್‌ವೋವನ್ ಅಟಾನಮಿಯ, ವಿನ್ಯೆಟ್ ಓಪನ್ ಟೆಕ್ಸ್ಟ್‌ನ ಪಾಲಾದವು, 2010ರಲ್ಲಿ ಸ್ವಿಟ್ಜರ್ಲೆಂಡಿನ ಡೇ ಸಾಫ್ಟ್‌ವೇರ್ ಅನ್ನು ಅಡೋಬಿ ಕೊಂಡಿತು. ಅಮೆರಿಕದ ಶ್ವೇತಭವನದ ತಾಣ 2009ರಲ್ಲಿ ದ್ರುಪಲ್‌ಗೆ, 2017ರಲ್ಲಿ ವರ್ಡ್‌ಪ್ರೆಸ್‌ಗೆ ಬದಲಾಯಿತು. ಯಾವ ಆಯ್ಕೆಯೂ ಶಾಶ್ವತವಲ್ಲ ಎಂಬುದು ಹೀಗೆ ಮನದಟ್ಟಾದಮೇಲೆ ಬರಹವನ್ನು ಪ್ರದರ್ಶನದಿಂದ ಪೂರ್ತಿ ಬಿಡಿಸುವ ‘ಹೆಡ್‌ಲೆಸ್’ ಪದ್ಧತಿ ಬಲಗೊಂಡಿತು. 2013ರಲ್ಲಿ ಬರ್ಲಿನ್ನಿನಲ್ಲಿ ಆರಂಭವಾದ ಕಂಟೆಂಟ್‌ಫುಲ್ ಇದರ ಮುಂಚೂಣಿಯ ಹೆಸರು. ಒಂದೇ ಬರಹ ಎಪಿಐ ಮೂಲಕ ಜಾಲತಾಣಕ್ಕೂ ಮೊಬೈಲ್ ಆ್ಯಪ್‌ಗೂ ಹೋಗುತ್ತದೆ; ಆದರೆ ಹೊರರೂಪ ಕಟ್ಟಲು ಡೆವಲಪರುಗಳು ಬೇಕೇಬೇಕು.

ಮುಕ್ತ ತಂತ್ರಾಂಶವೂ ಅವಲಂಬನೆಯಿಂದ ಹೊರತಲ್ಲ ಎಂಬುದು 2024ರಲ್ಲಿ ಕಂಡಿತು. ಮಲೆನ್‌ವೆಗ್ ನೇತೃತ್ವದ ಆಟೋಮ್ಯಾಟಿಕ್ ಮತ್ತು ಹೋಸ್ಟಿಂಗ್ ಕಂಪನಿ ಡಬ್ಲ್ಯೂಪಿ ಎಂಜಿನ್ ನಡುವಿನ ಜಗಳ ನ್ಯಾಯಾಲಯ ಮುಟ್ಟಿತು. ನಡುವೆ ಡಬ್ಲ್ಯೂಪಿ ಎಂಜಿನ್ ಗ್ರಾಹಕರ ತಾಣಗಳಿಗೆ ಪ್ಲಗಿನ್ ಅಪ್‌ಡೇಟ್‌ಗಳು ಬರುವ ದಾರಿಯೇ ಕೆಲಕಾಲ ಮುಚ್ಚಿತು. ಕೋಡ್ ಮುಕ್ತವಾಗಿದ್ದರೂ ಅದು ಹಂಚಿಕೆಯಾಗುವ ಬಾಗಿಲು ಯಾರದೋ ಕೈಯಲ್ಲಿರಬಹುದು. ಹೀಗಾಗಿ ಇಂದಿನ ಆಯ್ಕೆ ಸೌಲಭ್ಯಗಳ ಪಟ್ಟಿಗೆ ಮುಗಿಯುವುದಿಲ್ಲ. ಪ್ರತಿದಿನ ತಿದ್ದುವವರು ಯಾರು, ಅಪ್‌ಡೇಟ್ ಯಾರ ಹೊಣೆ, ಐದು ವರ್ಷದ ಒಟ್ಟು ಖರ್ಚೆಷ್ಟು ಎಂದು ಕೇಳಿದಮೇಲೆ, ಬರಹವನ್ನೆಲ್ಲ ಒಮ್ಮೆ ಹೊರತೆಗೆದು ಇನ್ನೊಂದು ವ್ಯವಸ್ಥೆಯಲ್ಲಿ ತೆರೆದು ನೋಡುವ ಪರೀಕ್ಷೆಯೂ ಖರೀದಿಗೆ ಮುಂಚೆಯೇ ನಡೆಯಬೇಕಾಗುತ್ತದೆ.