ಗಣಿತವೂ ಪದಾರ್ಥವಿಜ್ಞಾನವೂ: ರಾಯಬಾಗ ಸೀಮೆಯಿಂದ ಒಂದು ನೋಟ

ರಾಯಬಾಗ ತಾಲೂಕಿನ ಪಾಲಬಾವಿಯ ಹೆಸರಿನಲ್ಲಿಯೇ ಬಾವಿಯೊಂದು ಅಡಗಿರುವದು. ಬಾವಿಯ ದಂಡೆಯಲ್ಲಿ ನಿಂತು ಕಲ್ಲೊಂದನ್ನು ಒಳಗೆ ಬಿಟ್ಟು, ಅದು ನೀರಿಗೆ ಬೀಳುವ ಸಪ್ಪಳಕ್ಕೆ ಕಿವಿಗೊಟ್ಟು ನಿಲ್ಲುವ ಆಟವು ಈ ಸೀಮೆಯ ಹುಡುಗರಿಗೆ ಹೊಸತಲ್ಲ. ಆ ಆಟದಲ್ಲಿ ಎರಡು ಶಾಸ್ತ್ರಗಳು ಕೂಡಿರುತ್ತವೆ. ಬೀಳುವ ಕಲ್ಲಿನ ವೇಗವು ಕ್ಷಣಕ್ಷಣಕ್ಕೆ ಹೆಚ್ಚುವದು, ಆ ಹೆಚ್ಚಳವು ಕಲ್ಲು ದೊಡ್ಡದಿರಲಿ ಸಣ್ಣದಿರಲಿ ಒಂದೇ ಪ್ರಮಾಣದ್ದಾಗಿರುವದು ಎಂಬದು ಪದಾರ್ಥವಿಜ್ಞಾನದ ಮಾತು. ಕಾಲದ ವರ್ಗವನ್ನು ಹದಿನಾರರಿಂದ ಗುಣಿಸಿದರೆ ಬಾವಿಯ ಆಳವು ಅಡಿಗಳಲ್ಲಿ ದೊರೆಯುವದು ಎಂಬದು ಗಣಿತದ ಮಾತು. ಎರಡು ಸೆಕೆಂಡಿಗೆ ೬೪ ಅಡಿ. ಮೂರು ಸೆಕೆಂಡಿಗೆ ೧೪೪ ಅಡಿ. ಸಪ್ಪಳವು ಮೇಲಕ್ಕೆ ಬರಲಿಕ್ಕೂ ಕಾಲ ಹಿಡಿಯುವದಷ್ಟೇ? ಶಬ್ದವು ಸೆಕೆಂಡಿಗೆ ಸುಮಾರು ೧೧೦೦ ಅಡಿ ಸಾಗುವದರಿಂದ ೬೪ ಅಡಿಯ ಬಾವಿಯಲ್ಲಿ ಅದು ಸೆಕೆಂಡಿನ ಹದಿನೇಳನೆಯ ಒಂದು ಪಾಲು ಮಾತ್ರ. ಆದರೆ ಆ ಅಲ್ಪವನ್ನು ಬಿಡಬಹುದೋ ಬಿಡಬಾರದೋ ಎಂದು ನಿರ್ಣಯಿಸುವವನಿಗೆ ಎರಡೂ ಶಾಸ್ತ್ರಗಳು ಬೇಕು. ಬಾವಿಯ ದಂಡೆಯಲ್ಲಿ ಹೀಗೆ ಒಂದಾಗಿದ್ದ ವಿದ್ಯೆಯು ವಿಶ್ವವಿದ್ಯಾಲಯದ ಬಾಗಿಲಲ್ಲಿ ಎರಡಾಗಿ ಒಡೆದುದು ಹೇಗೆ, ಮತ್ತೆ ಅವು ಎಷ್ಟರ ಮಟ್ಟಿಗೆ ಕೂಡಿದವು ಎಂಬ ವೃತ್ತಾಂತವು ಮನೆಯ ಮಕ್ಕಳನ್ನು ಕಾಲೇಜಿಗೆ ಕಳಿಸುವ ಗೃಹಸ್ಥರಿಗೆ ಅಪ್ರಸ್ತುತವಾಗಲಾರದು.

ಈ ಸೀಮೆಗೆ ಗಣಿತದ ಕುಲದೀಪಕನೊಬ್ಬನು ಹಿಂದೆಯೇ ಇದ್ದನು. ಹನ್ನೆರಡನೆಯ ಶತಮಾನದ ಜೈನಕವಿ ರಾಜಾದಿತ್ಯನು ಕನ್ನಡದಲ್ಲಿ ಗಣಿತಗ್ರಂಥಗಳನ್ನು ಬರೆದವರಲ್ಲಿ ಮೊದಲಿಗನೆಂದು ಪ್ರಸಿದ್ಧನು. ವ್ಯವಹಾರಗಣಿತ, ಕ್ಷೇತ್ರಗಣಿತ, ಚಿತ್ರಹಸುಗೆ ಮೊದಲಾದವು ಅವನ ಕೃತಿಗಳು. ಅವನ ಊರು ಪೂವಿನಬಾಗೆ. ಆ ಪೂವಿನಬಾಗೆಯೇ ಇಂದಿನ ರಾಯಬಾಗವೆಂದು ಗುರುತಿಸುವ ವಿದ್ವಾಂಸರುಂಟು. ರಾಜಾದಿತ್ಯನ ಗಣಿತವು ಬಳಕೆಯ ಗಣಿತ. ಹೊಲದ ಅಳತೆ, ವ್ಯಾಪಾರದ ಲೆಕ್ಕ ಇವುಗಳಿಗಾಗಿ ಹುಟ್ಟಿದುದು. ವಸ್ತುವಿನಿಂದ ಎಣಿಕೆಯನ್ನು ಬೇರ್ಪಡಿಸಿ, ಎಣಿಕೆಗಾಗಿಯೇ ಎಣಿಸುವ ಹವ್ಯಾಸ ಅವನಿಗೆ ಮುಖ್ಯವಾಗಿರಲಿಲ್ಲ. ಅದೇ ಶತಮಾನದ ಭಾಸ್ಕರಾಚಾರ್ಯನ ಸಿದ್ಧಾಂತಶಿರೋಮಣಿಯಲ್ಲಿಯೂ ಲೀಲಾವತಿ ಬೀಜಗಣಿತಗಳು ಗ್ರಹಗಣಿತ ಗೋಲಾಧ್ಯಾಯಗಳ ಜೊತೆಗೇ ಒಂದೇ ಗ್ರಂಥದ ಅಂಗಗಳಾಗಿವೆ. ಲೆಕ್ಕ ಕಲಿತವನು ಆಕಾಶವನ್ನು ನೋಡದೆ ಇರಬಾರದೆಂಬದು ಆ ಕಾಲದ ಸಹಜ ಭಾವನೆಯಾಗಿತ್ತು.

ಇಂಗ್ಲಿಷ್ ವಿದ್ಯೆಯು ಮುಂಬಯಿ ಇಲಾಖೆಗೆ ಬಂದಾಗಲೂ ಮೊದಮೊದಲು ಈ ಎರಡನ್ನೂ ಒಬ್ಬರೇ ಕಲಿಸುತ್ತಿದ್ದರು. ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಆ ಪೀಠದ ಹೆಸರೇ ಗಣಿತ ಮತ್ತು ಸೃಷ್ಟಿತತ್ತ್ವಶಾಸ್ತ್ರಗಳ ಪೀಠವೆಂದಿತ್ತು. ೧೮೫೦ರ ದಶಕದಲ್ಲಿ ಆ ಪೀಠವನ್ನು ಏರಿದ ದಾದಾಭಾಯಿ ನವರೋಜಿಯವರು ಮುಂದೆ ಭಾರತದ ಬಡತನವನ್ನು ಅಂಕಿಗಳಿಂದ ಅಳೆದು ಲೋಕದ ಮುಂದಿಟ್ಟರು. ಅಳೆಯದೆ ಮಾತಾಡಬಾರದೆಂಬ ಹಟವು ಅವರಿಗೆ ಆ ಪೀಠದಿಂದಲೇ ಬಂದಿತ್ತೆಂದು ಊಹಿಸಿದರೆ ತಪ್ಪಾಗದು. ಪುಣೆಯಲ್ಲಿ ಕೇರೋ ಲಕ್ಷ್ಮಣ ಛತ್ರೆಯವರು ಗಣಿತವನ್ನೂ ಸೃಷ್ಟಿವಿಜ್ಞಾನವನ್ನೂ ಕಲಿಸಿದರು, ಪಂಚಾಂಗದ ಶೋಧನೆಗೂ ಕೈಹಾಕಿದರು. ಬಾಳ ಗಂಗಾಧರ ಟಿಳಕರು ಇವರ ಶಿಷ್ಯರು.

ಒಡಕು ಬಂದುದು ಪ್ರಯೋಗಶಾಲೆಯಿಂದ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಪದಾರ್ಥವಿಜ್ಞಾನವು ಪುಸ್ತಕದಿಂದ ಮೇಜಿನ ಮೇಲೆ ಇಳಿಯಿತು. ಕೇಂಬ್ರಿಜದಲ್ಲಿ ಕ್ಯಾವೆಂಡಿಶ್ ಪ್ರಯೋಗಶಾಲೆಯು ೧೮೭೪ರಲ್ಲಿ ತೆರೆಯಿತು. ಅದರ ಮೊದಲನೆಯ ಮುಖ್ಯಾಧ್ಯಾಪಕ ಮ್ಯಾಕ್ಸ್‌ವೆಲ್ಲನು ಗಣಿತದ ಟ್ರೈಪಾಸ್ ಪರೀಕ್ಷೆಯಲ್ಲಿ ಎರಡನೆಯ ಸ್ಥಾನ ಪಡೆದವನು. ಇಲೆಕ್ಟ್ರಾನನ್ನು ಕಂಡುಹಿಡಿದ ಜೆ. ಜೆ. ಥಾಮ್ಸನ್ನನೂ ಅದೇ ಪರೀಕ್ಷೆಯಲ್ಲಿ ಎರಡನೆಯವನೇ. ಅಲ್ಲಿ ಗಣಿತದ ಪರೀಕ್ಷೆಯೆಂದರೆ ಯಂತ್ರಶಾಸ್ತ್ರ, ಬೆಳಕು, ದ್ರವಗತಿ, ವಿದ್ಯುತ್ತು ಎಲ್ಲವೂ ಸೇರಿದ ಪರೀಕ್ಷೆ. ಹೀಗಾಗಿ ಹೊಸ ಪ್ರಯೋಗಶಾಲೆ ಬಂದರೂ ಹಳೆಯ ನಂಟು ಹರಿಯಲಿಲ್ಲ. ನಮ್ಮ ದೇಶದಲ್ಲಿಯಾದರೋ ನಂಟಿಗಿಂತ ಮೊದಲು ಹಣದ ಪ್ರಶ್ನೆ ಎದ್ದಿತು. ಗಣಿತಕ್ಕೆ ಕರಿಹಲಗೆ, ಸುಣ್ಣದ ಕಡ್ಡಿ, ಒಬ್ಬ ಒಳ್ಳೆಯ ಗುರು ಇಷ್ಟಿದ್ದರೆ ಸಾಕು. ಪದಾರ್ಥವಿಜ್ಞಾನಕ್ಕೆ ತಕ್ಕಡಿ, ಕಾಚಿನ ಮಸೂರ, ಲೋಲಕ, ವಿದ್ಯುನ್ಮಾಪಕ, ಕತ್ತಲೆಕೋಣೆ, ಇವನ್ನೆಲ್ಲ ಕಾಯ್ದುಕೊಳ್ಳುವ ಸಿಬ್ಬಂದಿ ಇಷ್ಟೂ ಬೇಕು. ಆದುದರಿಂದ ಮುಂಬಯಿ ವಿಶ್ವವಿದ್ಯಾಲಯದ ಕಕ್ಷೆಯಲ್ಲಿ ಗಣಿತವು ಕಲಾವಿಭಾಗದ ಬಿ. ಎ. ಪದವಿಗೂ ದೊರೆಯುತ್ತಿತ್ತು, ಪದಾರ್ಥವಿಜ್ಞಾನವು ವಿಜ್ಞಾನವಿಭಾಗದ ಗೋಡೆಯೊಳಗೆ ಉಳಿಯಿತು. ಬಡ ಕಾಲೇಜು ಮೊದಲು ಗಣಿತವನ್ನು ತೆರೆಯುವದು, ಅನುಕೂಲವಾದ ಮೇಲೆ ಪ್ರಯೋಗಶಾಲೆಯನ್ನು ಕಟ್ಟುವದು: ಇದೇ ರೂಢಿಯಾಯಿತು. ಹಳ್ಳಿಯ ಬುದ್ಧಿವಂತ ಹುಡುಗನು ತನ್ನ ಅಭಿರುಚಿಯಿಂದಲ್ಲ, ಹತ್ತಿರದ ಕಾಲೇಜಿನ ಕಪಾಟಿನಿಂದ ಗಣಿತಜ್ಞನಾದನು.

ಉಪಕರಣವಿಲ್ಲದ ಗಣಿತವು ಎಲ್ಲಿಯ ವರೆಗೆ ಹೋಗಬಲ್ಲದು ಎಂಬುದಕ್ಕೆ ವೆಂಕಟೇಶ ಬಾಪೂಜಿ ಕೇತಕರರ ಜೀವನವು ಅಪೂರ್ವವಾದ ನಿದರ್ಶನ. ನರಗುಂದದಲ್ಲಿ ೧೮೫೪ರಲ್ಲಿ ಹುಟ್ಟಿದ ಇವರು ಶಾಲಾಶಿಕ್ಷಕರು. ದೂರದರ್ಶಕದ ಗುಮ್ಮಟವಾಗಲಿ ಸಹೋದ್ಯೋಗಿಗಳ ಮಂಡಳವಾಗಲಿ ಇವರಿಗೆ ಇರಲಿಲ್ಲ. ಜ್ಯೋತಿರ್ಗಣಿತವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿ ಪಂಚಾಂಗಕರ್ತರಿಗೆ ಹೊಸ ಕೋಷ್ಟಕಗಳನ್ನು ಒದಗಿಸಿದರು. ೧೯೧೧ರಲ್ಲಿ ಫ್ರಾನ್ಸಿನ ಖಗೋಲಸಂಘದ ಪತ್ರಿಕೆಯಲ್ಲಿ, ನೆಪ್ಚೂನಿನ ಆಚೆಗೆ ಗ್ರಹಗಳಿರಬೇಕೆಂದು ಲೆಕ್ಕದಿಂದ ಸೂಚಿಸಿ, ಅವುಗಳಲ್ಲೊಂದು ಸೂರ್ಯನಿಂದ ಭೂಮಿಯ ಅಂತರದ ಸುಮಾರು ೩೯ ಪಟ್ಟು ದೂರದಲ್ಲಿದ್ದು ಸುಮಾರು ೨೪೨ ವರ್ಷಕ್ಕೊಮ್ಮೆ ಸುತ್ತುವದೆಂದು ಬರೆದರು. ೧೯೩೦ರಲ್ಲಿ ಪ್ಲೂಟೋ ಕಂಡುಬಂದಾಗ ಅದರ ಸರಾಸರಿ ದೂರವು ಮೂವತ್ತೊಂಬತ್ತೂವರೆ ಪಟ್ಟು, ಪರಿಭ್ರಮಣಕಾಲವು ೨೪೮ ವರ್ಷ ಎಂದು ತಿಳಿಯಿತು. ಕೇತಕರರು ತೀರಿಕೊಂಡುದೂ ಅದೇ ವರ್ಷ. ಈ ಹೊಂದಿಕೆಯನ್ನು ಕೇಳಿ ಯಾರಿಗೂ ಹೆಮ್ಮೆಯೆನಿಸುವದು. ಆದರೆ ಸತ್ಯವನ್ನು ಮರೆಮಾಚಬಾರದು. ಗುರುವಿನ ಉಪಗ್ರಹಗಳ ಚಲನೆಯಲ್ಲಿ ಲಾಪ್ಲಾಸನು ಕಂಡ ಸಂಖ್ಯಾಸಂಬಂಧವನ್ನು ಗ್ರಹಗಳಿಗೂ ಅನ್ವಯಿಸಿ ಅವರು ಲೆಕ್ಕ ಹಾಕಿದ್ದರು. ಪ್ಲೂಟೋ ಅದಕ್ಕೆ ಹೊಂದಿದುದರಲ್ಲಿ ದೈವಯೋಗದ ಪಾಲು ಸಣ್ಣದಲ್ಲ. ಅವರು ಹೇಳಿದ ಎರಡನೆಯ ಗ್ರಹವು ಕಂಡುಬರಲಿಲ್ಲ. ಅಂಥ ಪ್ರತಿಭೆಗೆ ಜೊತೆಯಲ್ಲಿ ಒಂದು ವೇಧಶಾಲೆ ದೊರೆತಿದ್ದರೆ ಯಾವ ಲೆಕ್ಕವನ್ನು ಹಿಡಿಯಬೇಕು ಯಾವದನ್ನು ಕೈಬಿಡಬೇಕು ಎಂದು ಆಕಾಶವೇ ತೋರಿಸುತ್ತಿತ್ತು.

ಮುಂದೆ ಕಾಲೇಜುಗಳು ಹತ್ತಿರ ಬಂದವು. ರಾಯಬಾಗವು ೧೯೪೯ರ ವರೆಗೆ ಕೊಲ್ಹಾಪುರ ಸಂಸ್ಥಾನಕ್ಕೆ ಸೇರಿದ್ದರಿಂದ ಇಲ್ಲಿಯ ಕೆಲವು ಮನೆತನಗಳ ಕಣ್ಣು ಸಹಜವಾಗಿ ೧೮೮೦ರಲ್ಲಿ ಸ್ಥಾಪಿತವಾದ ರಾಜಾರಾಮ ಕಾಲೇಜಿನ ಕಡೆಗಿತ್ತು. ೧೯೧೭ರಲ್ಲಿ ಧಾರವಾಡದ ಕರ್ನಾಟಕ ಕಾಲೇಜು, ೧೯೧೯ರಲ್ಲಿ ಸಾಂಗಲಿಯ ವಿಲಿಂಗ್ಡನ್ ಕಾಲೇಜು, ೧೯೩೩ರಲ್ಲಿ ಬೆಳಗಾವಿಯ ಲಿಂಗರಾಜ ಕಾಲೇಜು ತೆರೆದವು. ವಿಲಿಂಗ್ಡನ್ ಕಾಲೇಜನ್ನು ಕನ್ನಡ ಮನೆಗಳು ಶ್ರೀ ರಂ. ಶ್ರೀ. ಮುಗಳಿಯವರ ಹೆಸರಿನಿಂದ ಹೆಚ್ಚಾಗಿ ನೆನೆಯುವವು. ಲಿಂಗರಾಜ ಕಾಲೇಜಿನ ಹಿಂದೆ ೧೯೧೬ರಲ್ಲಿ ಏಳು ಜನ ತರುಣ ಶಿಕ್ಷಕರು ಕಟ್ಟಿದ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯ ದುಡಿಮೆಯೂ ಶಿರಸಂಗಿಯ ಲಿಂಗರಾಜ ದೇಸಾಯಿಯವರ ಹೆಸರೂ ಇದ್ದವು. ಮೀರಜ–ಬೆಳಗಾವಿ ರೈಲು ರಾಯಬಾಗದ ಮೇಲೆಯೇ ಹಾಯುವದರಿಂದ ರೊಟ್ಟಿಯ ಗಂಟು ಕಟ್ಟಿಕೊಂಡು ಉತ್ತರಕ್ಕೋ ದಕ್ಷಿಣಕ್ಕೋ ಹೋಗುವದು ವಿದ್ಯಾರ್ಥಿಗೆ ಸಾಧ್ಯವಾಯಿತು. ಹಳ್ಳಿಯ ತಂದೆಗೆ ಇದು ಸಣ್ಣ ನಿರ್ಣಯವಲ್ಲ. ಮಗನು ಓದಲಿಕ್ಕೆ ಹೋದನೆಂದರೆ ಹೊಲದಲ್ಲಿ ಒಂದು ಕೈ ಕಡಿಮೆ. ಅದರ ಮೇಲೆ ವಸತಿಯ ವೆಚ್ಚ. ಅಂಥವನು ಪದಾರ್ಥವಿಜ್ಞಾನದಲ್ಲಿ ಒಂದು ವರ್ಷ ತಪ್ಪಿದರೆ ಮನೆಯ ಲೆಕ್ಕವೇ ತಪ್ಪುತ್ತಿತ್ತು.

ಈ ಸೀಮೆಯಿಂದ ಹೊರಟು ಎರಡೂ ಶಾಸ್ತ್ರಗಳ ಕೂಟವನ್ನು ಅದರ ಮೂಲಸ್ಥಾನದಲ್ಲಿಯೇ ಕಂಡುಬಂದವರು ದಾದಪ್ಪ ಚಿಂತಪ್ಪ ಪಾವಟೆಯವರು. ಇವರು ೧೮೯೯ರಲ್ಲಿ ಗೋಕಾಕ ತಾಲೂಕಿನ ಮಮದಾಪುರದಲ್ಲಿ ಹುಟ್ಟಿದರು. ಮಮದಾಪುರಕ್ಕೂ ರಾಯಬಾಗ ತಾಲೂಕಿಗೂ ನೆರೆಹೊರೆಯ ಸಂಬಂಧ. ಮಳೆಯೂ ಮಾತೂ ಒಂದೇ. ಕರ್ನಾಟಕ ಕಾಲೇಜಿನಲ್ಲಿ ಗಣಿತವನ್ನು ಓದಿ ಪದವೀಧರರಾಗಿ, ಕೇಂಬ್ರಿಜದ ಸಿಡ್ನಿ ಸಸೆಕ್ಸ್ ಕಾಲೇಜನ್ನು ಸೇರಿ, ಗಣಿತದ ಟ್ರೈಪಾಸಿನಲ್ಲಿ ರ‍್ಯಾಂಗ್ಲರ್ ಎನಿಸಿಕೊಂಡರು. ರ‍್ಯಾಂಗ್ಲರ್ ಎಂದರೆ ಆ ಪರೀಕ್ಷೆಯಲ್ಲಿ ಪ್ರಥಮವರ್ಗ ಪಡೆದವನು. ಹಿಂದೆ ಅವರನ್ನು ಒಂದನೆಯವ, ಎರಡನೆಯವ ಎಂದು ಕ್ರಮವಾಗಿ ಸಾರುತ್ತಿದ್ದರು. ೧೮೯೯ರಲ್ಲಿ ರಘುನಾಥ ಪುರುಷೋತ್ತಮ ಪರಾಂಜಪೆಯವರು ಮೊದಲನೆಯ ಸ್ಥಾನವನ್ನೇ ಪಡೆದು ಮುಂಬಯಿ ಇಲಾಖೆಯಲ್ಲೆಲ್ಲ ಸಂಭ್ರಮವನ್ನುಂಟುಮಾಡಿದ್ದರು. ೧೯೦೯ರ ತರುವಾಯ ಆ ಕ್ರಮಾಂಕದ ಪದ್ಧತಿಯನ್ನು ಬಿಟ್ಟರು. ಧಾರವಾಡದಲ್ಲಿ ಬಿ. ಎ. ಗಣಿತವೆಂದರೆ ಗಣಿತವಷ್ಟೇ, ಕೇಂಬ್ರಿಜದಲ್ಲಿ ಗಣಿತವೆಂದರೆ ಗ್ರಹಗತಿಯೂ ವಿದ್ಯುತ್ಕ್ಷೇತ್ರವೂ ಅದರೊಳಗೇ. ಒಂದೇ ಹೆಸರಿನ ವಿಷಯವು ಎರಡು ಊರುಗಳಲ್ಲಿ ಎಷ್ಟು ಬೇರೆಯಾಗಿರಬಹುದೆಂಬುದನ್ನು ಇವರಷ್ಟು ಹತ್ತಿರದಿಂದ ಕಂಡವರು ಆಗ ಬೆಳಗಾವಿ ಜಿಲ್ಹೆಯಲ್ಲಿ ವಿರಳ.

ಪಾವಟೆಯವರು ಸಂಶೋಧನೆಯಲ್ಲಿ ಉಳಿಯಲಿಲ್ಲ. ಮುಂಬಯಿ ಸರಕಾರದ ಶಿಕ್ಷಣಖಾತೆಗೆ ಬಂದರು. ಗಣಿತಕ್ಕೆ ಇದು ನಷ್ಟವೆಂದು ಕೆಲವರು ಹೇಳಬಹುದು. ಆದರೆ ೧೯೫೪ರಿಂದ ೧೯೬೭ರ ವರೆಗೆ ಕರ್ನಾಟಕ ವಿಶ್ವವಿದ್ಯಾಲಯದ ಕುಲಪತಿಗಳಾಗಿ ಅವರು ಮಾಡಿದ ಕೆಲಸವನ್ನು ನೋಡಿದರೆ ಆ ನಷ್ಟವು ತುಂಬಿಬಂದಿತೆನ್ನಬೇಕು. ೧೯೪೯ರಲ್ಲಿ ಮುಂಬಯಿಯಲ್ಲಿ ಹುಟ್ಟಿ ಬಳಿಕ ಧಾರವಾಡಕ್ಕೆ ಬಂದ ಆ ವಿಶ್ವವಿದ್ಯಾಲಯಕ್ಕೆ ಗುಡ್ಡದ ಮೇಲೆ ಕಟ್ಟಡಗಳೂ ಸ್ನಾತಕೋತ್ತರ ವಿಭಾಗಗಳೂ ಬೆಳೆದುದು ಅವರ ಕಾಲದಲ್ಲಿ. ಅಲ್ಲಿಯ ಆವರಣಕ್ಕೆ ಪಾವಟೆನಗರವೆಂದೇ ಹೆಸರು. ಎಂ. ಎಸ್‌ಸಿ. ಓದಬೇಕಾದ ಕನ್ನಡ ವಿದ್ಯಾರ್ಥಿಯು ಪುಣೆ ಮುಂಬಯಿಗಳ ದಾರಿ ಹಿಡಿಯಬೇಕಾದ ಅನಿವಾರ್ಯವು ಅಲ್ಲಿಗೆ ತಪ್ಪಿತು.

ಬಿ. ಎಸ್‌ಸಿ. ಪದವಿಯಲ್ಲಿ ಎರಡು ಶಾಸ್ತ್ರಗಳ ಸಂಬಂಧವು ಮಾತ್ರ ಹಲವು ರೂಪಗಳನ್ನು ತಾಳಿತು. ಮುಂಬಯಿಯ ಹಳೆಯ ಪದ್ಧತಿಯಲ್ಲಿ ಒಂದು ಮುಖ್ಯವಿಷಯ, ಒಂದು ಉಪವಿಷಯ. ಒಂದು ಒಡತಿಯಾದರೆ ಇನ್ನೊಂದು ಒಕ್ಕಲಿನವಳು. ಅನಂತರ ಕರ್ನಾಟಕದಲ್ಲೆಲ್ಲ ಮೂರು ವಿಷಯಗಳ ಗುಂಪು ನೆಲೆಗೊಂಡಿತು. ಪದಾರ್ಥವಿಜ್ಞಾನ, ರಸಾಯನ, ಗಣಿತ ಎಂಬ ಈ ತ್ರಿಕವನ್ನು ಮನೆಮನೆಯಲ್ಲಿಯೂ ಪಿ. ಸಿ. ಎಂ. ಎಂದು ಕರೆಯುವರು. ಮೂರನೆಯದಾದ ರಸಾಯನವು ಬೇಡವಾದ ಅತಿಥಿಯಲ್ಲ. ಶಿಕ್ಷಕನ ಕೆಲಸ ಹುಡುಕುವವನಿಗೆ ಅದರಿಂದ ಪ್ರಯೋಜನವೇ ಉಂಟು. ಆದರೂ ಈ ಗುಂಪಿನಲ್ಲಿ ಒಂದು ಹಳೆಯ ತೊಡಕಿದೆ. ಪದಾರ್ಥವಿಜ್ಞಾನದ ಗುರುವು ಲೋಲಕದ ಚಲನೆಯನ್ನು ವಿವರಿಸುವಾಗ ಅವಕಲ ಸಮೀಕರಣವನ್ನು ಹಲಗೆಯ ಮೇಲೆ ಬರೆಯುವನು. ಗಣಿತದ ಗುರುವು ಆ ಸಮೀಕರಣಕ್ಕೆ ಇನ್ನೂ ತಿಂಗಳುಗಟ್ಟಲೆ ಆಚೆಗೆ ಬರುವನು. ಅಲ್ಲಿಯ ವರೆಗೆ ವಿದ್ಯಾರ್ಥಿಯು ಸೂತ್ರವನ್ನು ಮಂತ್ರದಂತೆ ಉರುಹಾಕುವನು. ಗಣಿತದ ಪಾಠವು ಬಂದಾಗ ಅದೇ ಸಮೀಕರಣವು ವಸ್ತುವಿನ ಸುಳಿವಿಲ್ಲದೆ ಬರುವದರಿಂದ, ಮೊದಲು ಕಂಡುದೇ ಇದು ಎಂದು ಅವನಿಗೆ ಹೊಳೆಯುವದಿಲ್ಲ. ಒಂದೇ ಪದವಿಯಲ್ಲಿದ್ದೂ ಎರಡು ವಿಷಯಗಳು ಹೀಗೆ ಒಂದರ ಮುಖವನ್ನೊಂದು ನೋಡದೆ ಮೂರು ವರ್ಷ ಕಳೆಯಬಲ್ಲವು. ವಿಷಯಗಳನ್ನು ಒಂದೇ ಪ್ರಮಾಣಪತ್ರದಲ್ಲಿ ಬರೆದ ಮಾತ್ರಕ್ಕೆ ಸಹಾಧ್ಯಯನವಾಗದು; ಇಬ್ಬರು ಗುರುಗಳು ವರ್ಷಾರಂಭದಲ್ಲಿ ಅರ್ಧ ದಿನ ಕೂಡಿ ಕುಳಿತು ಪಾಠಗಳ ಕ್ರಮವನ್ನು ಹೊಂದಿಸಿದರೆ, ಯಾವ ಸರಕಾರದ ಆಜ್ಞೆಯೂ ಮಾಡದ ಕೆಲಸವು ಆಗುವದು.

ಎರಡೇ ವಿಷಯಗಳ ಪದವಿಯು ಕರ್ನಾಟಕಕ್ಕೆ ಬಂದುದು ೨೦೨೧ರಲ್ಲಿ. ಹೊಸ ರಾಷ್ಟ್ರೀಯ ಶಿಕ್ಷಣನೀತಿಯನ್ನು ರಾಜ್ಯವು ಆ ವರ್ಷ ಜಾರಿಗೆ ತಂದಾಗ ಮೂರರ ಗುಂಪು ಹೋಗಿ ಎರಡು ಮುಖ್ಯವಿಷಯಗಳ ಏರ್ಪಾಡಾಯಿತು. ಗಣಿತವನ್ನೂ ಪದಾರ್ಥವಿಜ್ಞಾನವನ್ನೂ ಮೊದಲಿನ ಎರಡು ವರ್ಷ ಸಮನಾಗಿ ಓದಿ, ಮೂರನೆಯ ವರ್ಷಕ್ಕೆ ಒಂದನ್ನು ಹಿರಿದಾಗಿ ಆರಿಸಿಕೊಳ್ಳಲಿಕ್ಕೂ ಎರಡನ್ನೂ ಹಿರಿದಾಗಿಯೇ ಮುಂದುವರಿಸಲಿಕ್ಕೂ ಅವಕಾಶವಿತ್ತು. ಇಚ್ಛಿಸಿದವರಿಗೆ ನಾಲ್ಕನೆಯದೊಂದು ವರ್ಷ. ೨೦೧೦ರಲ್ಲಿ ಸ್ಥಾಪಿತವಾಗಿದ್ದ ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯವೂ ಈ ರಾಜ್ಯನೀತಿಯ ಪರಿಧಿಯೊಳಗಿನದು. ದಾದಾಭಾಯಿಯವರು ಏರಿದ್ದ ಆ ಜೋಡುಪೀಠದ ಹೆಸರನ್ನು ಬಲ್ಲವರಿಗೆ ಇದು ಹೊಸ ಪ್ರಯೋಗಕ್ಕಿಂತ ಹಳೆಯ ಮನೆಗೆ ಮರಳಿದಂತೆ ಕಂಡೀತು. ಆದರೆ ಏರ್ಪಾಡಿನ ಜೊತೆಗೆ ಮುಕ್ತವಿಷಯಗಳೂ ಕೌಶಲದ ಪಾಠಗಳೂ ಒಟ್ಟೊಟ್ಟಿಗೆ ಬಂದುದರಿಂದ ವಿದ್ಯಾರ್ಥಿಯ ದಿನವು ಚೂರುಚೂರಾಯಿತೆಂಬ ಆಕ್ಷೇಪವೂ, ನಾಲ್ಕನೆಯ ವರ್ಷದ ವೆಚ್ಚವನ್ನು ಬಡವರು ಹೊರಲಾರರೆಂಬ ಆಕ್ಷೇಪವೂ ಕೇಳಿಬಂದವು. ಎರಡನೆಯ ಆಕ್ಷೇಪವನ್ನು ಅಲ್ಲಗಳೆಯುವದು ಸುಲಭವಲ್ಲ. ಮೊದಲನೆಯದು ಎರಡು ವಿಷಯಗಳ ಕೂಟದ ದೋಷವಲ್ಲ, ಅದರ ಸುತ್ತಲೂ ಪೇರಿಸಿದ ಹೊರೆಯ ದೋಷ. ಎರಡನ್ನೂ ಬೇರ್ಪಡಿಸಿ ನೋಡುವ ವ್ಯವಧಾನವು ದೊರೆಯಲಿಲ್ಲ.

೨೦೨೪ರ ಮೇ ತಿಂಗಳಲ್ಲಿ ರಾಜ್ಯಸರಕಾರವು ಆ ಪದ್ಧತಿಯನ್ನು ಕೈಬಿಟ್ಟು ಮೂರು ವರ್ಷದ ಪದವಿಯನ್ನೂ ಮೂರು ವಿಷಯಗಳ ಗುಂಪನ್ನೂ ಮರಳಿ ತಂದಿತು. ೨೦೨೧, ೨೦೨೨, ೨೦೨೩ ಈ ಮೂರು ವರ್ಷಗಳಲ್ಲಿ ಸೇರಿದವರಿಗೆ ಮಾತ್ರ ಎರಡು ವಿಷಯಗಳ ಪಾಠಕ್ರಮವು ದೊರೆಯಿತು. ಅವರಲ್ಲಿ ಮೊದಲನೆಯ ತಂಡವು ಮೂರನೆಯ ವರ್ಷವನ್ನು ಮುಗಿಸುವ ಹೊತ್ತಿಗೇ ಆ ಆಜ್ಞೆಯು ಹೊರಟಿತು. ಅವರ ತಮ್ಮತಂಗಿಯರು ಅದೇ ಬೇಸಗೆಯಲ್ಲಿ ಪಿ. ಸಿ. ಎಂ. ಅರ್ಜಿಯನ್ನು ತುಂಬಿದರು.